ನೀವಿಲ್ಲದ ಕೋಣೆಯಲ್ಲಿ ನಿಮ್ಮ ಮಾತು: ದೊಡ್ಡ ಟೆಕ್ ಕಂಪನಿಯ ಇಂಟರ್‌ವ್ಯೂ, ಆಮೇಲಿನ ಕೆಲಸ

ನನ್ನ ಮೊದಲ ದೊಡ್ಡ ಇಂಟರ್‌ವ್ಯೂನಲ್ಲಿ ಉತ್ತರ ಸರಿಯಾಗಿಯೇ ಬರೆದಿದ್ದೆ. ಆದರೂ ಕೆಲಸ ಸಿಗಲಿಲ್ಲ. ಮುಕ್ಕಾಲು ಗಂಟೆ ತಲೆ ಬಗ್ಗಿಸಿ, ಬಾಯಿ ಬಿಡದೆ ಕೋಡ್ ಬರೆದೆ. ಕೋಡ್ ಓಡಿತು. ಖುಷಿಯಿಂದ ಎದ್ದು ಬಂದೆ. ಎರಡು ದಿನ ಬಿಟ್ಟು ‘ಈ ಸಲ ಆಗಲಿಲ್ಲ’ ಅಂತ ಮೇಲ್ ಬಂತು.

ಎಷ್ಟೋ ವರ್ಷ ಕಳೆದು, ಪ್ರಶ್ನೆ ಕೇಳುವ ಕುರ್ಚಿಯಲ್ಲಿ ನಾನೇ ಕೂತಾಗ ಅವತ್ತು ಏನಾಗಿತ್ತು ಅನ್ನೋದು ಹೊಳೆಯಿತು. ಇಂಟರ್‌ವ್ಯೂ ಮಾಡಿದವರು ಆಮೇಲೆ ಒಂದು ವರದಿ ಬರೆಯಬೇಕು. ‘ಉತ್ತರ ಸರಿ ಇತ್ತು’ ಅನ್ನುವ ಒಂದು ಸಾಲು ಬಿಟ್ಟರೆ ನನ್ನ ಬಗ್ಗೆ ಬರೆಯೋಕೆ ಅವರ ಹತ್ತಿರ ಏನೂ ಇರಲಿಲ್ಲ. ನಾನು ಹೇಗೆ ಯೋಚಿಸ್ತೀನಿ, ತಪ್ಪಿದಾಗ ಏನು ಮಾಡ್ತೀನಿ, ನನ್ನ ಜೊತೆ ಕೆಲಸ ಮಾಡೋದು ಹೇಗಿರುತ್ತೆ ಅನ್ನೋದು ಯಾವುದೂ ಅವರಿಗೆ ಗೊತ್ತಾಗಿರಲಿಲ್ಲ.

ದೊಡ್ಡ ಕಂಪನಿಗಳಲ್ಲಿ ಈ ವರದಿಗೆ ತುಂಬಾ ತೂಕ ಇದೆ. ಗೂಗಲ್‌ನಲ್ಲಿ ಬಹಳ ಕಾಲದಿಂದ ನೇಮಕದ ವಿಚಾರಕ್ಕೇ ಒಂದು ಸಮಿತಿ ಇರುತ್ತದೆ. ಆ ಸಮಿತಿಯವರು ನಿಮ್ಮ ಮುಖ ನೋಡಿರುವುದಿಲ್ಲ. ವರದಿಗಳನ್ನು ಓದಿ ತೀರ್ಮಾನ ಮಾಡುತ್ತಾರೆ. ಅಮೆಜಾನ್‌ನಲ್ಲಿ 1999ರಿಂದ ‘ಬಾರ್ ರೇಸರ್’ ಅನ್ನುವ ಪದ್ಧತಿ ಇದೆ. ನಿಮ್ಮನ್ನು ತೆಗೆದುಕೊಳ್ಳಲು ಹೊರಟ ಟೀಮಿಗೆ ಸೇರದ ಒಬ್ಬರು ಇಂಟರ್‌ವ್ಯೂನಲ್ಲಿ ಕೂರುತ್ತಾರೆ. ಅವರು ಬೇಡ ಅಂದರೆ ಮ್ಯಾನೇಜರ್ ಎಷ್ಟೇ ಆಸೆಪಟ್ಟರೂ ಕೆಲಸ ಇಲ್ಲ.

ಅಂದರೆ ತೀರ್ಮಾನ ಆಗುವುದು ನೀವಿಲ್ಲದ ಕೋಣೆಯಲ್ಲಿ. ಅಲ್ಲಿ ನಿಮ್ಮ ಪರವಾಗಿ ಮಾತಾಡುವವರ ಕೈಗೆ ನೀವು ಏನು ಕೊಟ್ಟಿದ್ದೀರಿ ಅನ್ನೋದೇ ಪ್ರಶ್ನೆ. ಮುಂದಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ.

ಹೆಜ್ಜೆ 1: ದಾರಿ ತಿಳಿದುಕೊಳ್ಳಿ

ಸಾಮಾನ್ಯವಾಗಿ ಸಾಗುವ ದಾರಿ ಹೀಗೆ. ಮೊದಲು ರಿಕ್ರೂಟರ್, ಅಂದರೆ ಕಂಪನಿಗೆ ಜನ ಹುಡುಕುವವರ ಜೊತೆ ಸಣ್ಣ ಮಾತುಕತೆ. ಆಮೇಲೆ ಫೋನಿನಲ್ಲೋ ವಿಡಿಯೊದಲ್ಲೋ ಒಂದು ಕೋಡಿಂಗ್ ರೌಂಡ್. ಅದು ದಾಟಿದರೆ ‘ಲೂಪ್’, ಅಂದರೆ 45ರಿಂದ 60 ನಿಮಿಷದ ನಾಲ್ಕೈದು ಇಂಟರ್‌ವ್ಯೂಗಳು. ಅವುಗಳಲ್ಲಿ ಕೋಡಿಂಗ್ ಇರುತ್ತದೆ, ಅನುಭವ ಇದ್ದವರಿಗೆ ಸಿಸ್ಟಮ್ ಡಿಸೈನ್ (ಒಂದು ದೊಡ್ಡ ಸೇವೆಯನ್ನು ಹೇಗೆ ಕಟ್ಟುವುದು ಅನ್ನುವ ಚರ್ಚೆ) ಇರುತ್ತದೆ, ನಡವಳಿಕೆಯ ಪ್ರಶ್ನೆಗಳೂ ಇರುತ್ತವೆ. ಕೊನೆಗೆ ಆ ಕೋಣೆಯ ಚರ್ಚೆ, ಕೆಲವು ಕಡೆ ಟೀಮ್ ಹುಡುಕುವ ಹಂತ, ಆಮೇಲೆ ಆಫರ್. ಒಂದೆರಡು ತಿಂಗಳು ಹಿಡಿಯುವುದು ಮಾಮೂಲು.

ನಾಲ್ಕೈದೇ ಯಾಕೆ ಅಂತ ಕೇಳಬಹುದು. ಹಿಂದೆ ಗೂಗಲ್‌ನಲ್ಲಿ ಒಬ್ಬರಿಗೆ ಹತ್ತಕ್ಕಿಂತ ಹೆಚ್ಚು ಇಂಟರ್‌ವ್ಯೂ ಆಗುತ್ತಿದ್ದ ಕಾಲವಿತ್ತು. ಆಮೇಲೆ ಅವರೇ ತಮ್ಮ ದಾಖಲೆ ತೆಗೆದು ನೋಡಿದರು. ನಾಲ್ಕು ಇಂಟರ್‌ವ್ಯೂ ಆದ ಮೇಲೆ ಹೊಸದಾಗಿ ತಿಳಿಯುವುದು ಬಹಳ ಕಡಿಮೆ ಅಂತ ಕಂಡಿತು. ‘ವಿಮಾನದಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತೆ’ ಅನ್ನುವಂಥ ಒಗಟುಗಳೂ ಹೋದವು. ಅವುಗಳಿಂದ ಏನೂ ಉಪಯೋಗವಿಲ್ಲ ಅಂತ ಅಲ್ಲಿನ ಮಾನವ ಸಂಪನ್ಮೂಲದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ಹಾಗಾಗಿ ಒಗಟಿನ ಪುಸ್ತಕ ಪಕ್ಕಕ್ಕಿಡಿ.

ರಿಕ್ರೂಟರ್ ನಿಮ್ಮ ಎದುರಾಳಿ ಅಲ್ಲ. ನಿಮಗೆ ಕೆಲಸ ಸಿಕ್ಕರೆ ಅವರಿಗೂ ಒಳ್ಳೆಯದು. ಆದ್ದರಿಂದ ಮೊದಲ ಕರೆಯಲ್ಲೇ ಕೇಳಿಬಿಡಿ. ಎಷ್ಟು ರೌಂಡ್? ಯಾವ ಯಾವ ಥರದ್ದು? ಕೋಡ್ ಓಡಿಸಿ ನೋಡಬಹುದಾ, ಅಥವಾ ಖಾಲಿ ಹಾಳೆಯಂಥ ಎಡಿಟರ್‌ನಲ್ಲಿ ಬರೆಯಬೇಕಾ? ಎಐ ಸಹಾಯಕ ಬಳಸಬಹುದಾ? ಈ ಕೊನೆಯ ಪ್ರಶ್ನೆ ಖಂಡಿತ ಕೇಳಿ. ಒಂದು ಕಡೆ ಸರಿ ಅನ್ನುವುದು ಇನ್ನೊಂದು ಕಡೆ ಮೋಸ ಅನ್ನಿಸಿಕೊಳ್ಳುತ್ತದೆ.

ಯಾವ ಲೆವೆಲ್‌ಗೆ ನಿಮ್ಮನ್ನು ನೋಡುತ್ತಿದ್ದಾರೆ ಅನ್ನೋದನ್ನೂ ತಿಳಿದುಕೊಳ್ಳಿ. ಕಾಲೇಜು ಮುಗಿಸಿ ಬರುವ ಎಂಜಿನಿಯರ್ ಗೂಗಲ್‌ನಲ್ಲಿ ಎಲ್3, ಅಮೆಜಾನ್‌ನಲ್ಲಿ ಎಲ್4. ಸೀನಿಯರ್ ಅಂದರೆ ಗೂಗಲ್‌ನಲ್ಲಿ ಎಲ್5, ಮೆಟಾದಲ್ಲಿ ಇ5, ಮೈಕ್ರೋಸಾಫ್ಟ್‌ನಲ್ಲಿ 63. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ಹುದ್ದೆ ದೊಡ್ಡದಲ್ಲ. ಪ್ರಶ್ನೆಗಳು ಒಂದೇ ಇದ್ದರೂ ಲೆವೆಲ್‌ಗೆ ತಕ್ಕಂತೆ ನಿರೀಕ್ಷೆ ಬದಲಾಗುತ್ತದೆ.

ಹೆಜ್ಜೆ 2: ರೆಸ್ಯೂಮೆ

ಇದಕ್ಕೆ ಜಾಸ್ತಿ ಸಮಯ ಹಾಕಬೇಡಿ. ಒಂದು ಪುಟ, ಹೆಚ್ಚೆಂದರೆ ಎರಡು. ‘ಪೇಮೆಂಟ್ ಸರ್ವಿಸ್ ಮೇಲೆ ಕೆಲಸ ಮಾಡಿದೆ’ ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ‘ಪೇಮೆಂಟ್ ಸರ್ವಿಸ್‌ನಲ್ಲಿ ಒಂದೇ ಹಣ ಎರಡು ಸಲ ಕಡಿತವಾಗುವ ದೋಷ ಪತ್ತೆ ಮಾಡಿ, ಪ್ರತಿ ಕೋರಿಕೆಗೂ ಒಂದು ಗುರುತು ಸಂಖ್ಯೆ ಕೊಟ್ಟು ಸರಿಪಡಿಸಿದೆ’ ಅಂತ ಬರೆದರೆ ಓದಿದವರಿಗೆ ಕೇಳೋಕೆ ಒಂದು ಪ್ರಶ್ನೆ ಸಿಗುತ್ತದೆ. ರೆಸ್ಯೂಮೆಯಲ್ಲಿ ಇರುವ ಪ್ರತಿ ಸಾಲಿನ ಬಗ್ಗೆ ಹತ್ತು ನಿಮಿಷ ಮಾತಾಡೋಕೆ ಬರಬೇಕು. ಬರದಿದ್ದರೆ ಆ ಸಾಲು ತೆಗೆದುಬಿಡಿ. ಒಳಗೆ ಪರಿಚಯದವರಿದ್ದರೆ ರೆಫರಲ್, ಅಂದರೆ ಅವರ ಶಿಫಾರಸು ಕೇಳಿ. ಅದರಿಂದ ಕೆಲಸ ಸಿಗುವುದಿಲ್ಲ, ಆದರೆ ರೆಸ್ಯೂಮೆಯನ್ನು ಒಬ್ಬ ಮನುಷ್ಯ ಓದುವ ಸಾಧ್ಯತೆ ಹೆಚ್ಚುತ್ತದೆ.

ಹೆಜ್ಜೆ 3: ಅಭ್ಯಾಸ, ಆದರೆ ಬಾಯಿ ತೆರೆದು

ಏನು ಓದಬೇಕು ಅನ್ನೋದು ಗುಟ್ಟೇನಲ್ಲ. ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್, ಸ್ಟ್ಯಾಕ್, ಕ್ಯೂ, ಟ್ರೀ, ಗ್ರಾಫ್, ಹೀಪ್, ಬೈನರಿ ಸರ್ಚ್, ರಿಕರ್ಷನ್, ಕೊನೆಗೆ ಒಂದಿಷ್ಟು ಡೈನಾಮಿಕ್ ಪ್ರೋಗ್ರಾಮಿಂಗ್. ದಿನಕ್ಕೆ ಒಂದೂವರೆ ಗಂಟೆಯಂತೆ ಎರಡು ಮೂರು ತಿಂಗಳು ಕೂತರೆ ಬಹುಪಾಲು ಜನಕ್ಕೆ ಸಾಕು.

ಐನೂರು ಲೆಕ್ಕ ಮಾಡಿದೆ ಅಂತ ಹೇಳಿಕೊಳ್ಳುವವರನ್ನು ನೋಡಿ ಗಾಬರಿಯಾಗಬೇಡಿ. ನೂರು ಲೆಕ್ಕ ಮಾಡಿ, ಒಂದೊಂದನ್ನೂ ವಾರ ಬಿಟ್ಟು ಮತ್ತೊಮ್ಮೆ ಖಾಲಿ ಹಾಳೆಯಲ್ಲಿ ಬರೆಯುವುದು ಅದಕ್ಕಿಂತ ಒಳ್ಳೆಯದು. ಅರ್ಧ ಗಂಟೆ ಒದ್ದಾಡಿದರೂ ಹೊಳೆಯದಿದ್ದರೆ ಉತ್ತರ ನೋಡಿ, ತಪ್ಪೇನಿಲ್ಲ. ಆದರೆ ನೋಡಿ ಮುಚ್ಚಿಟ್ಟು, ‘ಈ ಉಪಾಯ ನನಗೆ ಯಾಕೆ ಹೊಳೆಯಲಿಲ್ಲ, ಪ್ರಶ್ನೆಯ ಯಾವ ಮಾತು ನನಗೆ ಸುಳಿವು ಕೊಡಬೇಕಿತ್ತು’ ಅಂತ ಒಂದು ಸಾಲು ಬರೆದಿಡಿ. ಇಂಥ ಸಾಲುಗಳು ಸೇರಿದ ನೋಟ್‌ಬುಕ್ ಕೊನೇ ವಾರದಲ್ಲಿ ಚಿನ್ನ.

ಅಭ್ಯಾಸ ಮಾಡುವಾಗ ಗಟ್ಟಿಯಾಗಿ ಮಾತಾಡಿ. ಮನೆಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ಕೈ ಬರೆಯುತ್ತಿರುವಾಗ ಬಾಯಿ ಮಾತಾಡುವುದು ಒಂದು ಬೇರೆಯೇ ಕಲೆ. ಅದು ಇಂಟರ್‌ವ್ಯೂ ದಿನ ತಾನಾಗಿ ಬರುವುದಿಲ್ಲ. ಗೆಳೆಯರೊಬ್ಬರನ್ನು ಕೂರಿಸಿಕೊಂಡು ಕನಿಷ್ಠ ನಾಲ್ಕೈದು ಸಲ ಅಣಕು ಇಂಟರ್‌ವ್ಯೂ ಮಾಡಿ. ಒಂದೆರಡು ಸಲ ನೀವೇ ಪ್ರಶ್ನೆ ಕೇಳುವವರಾಗಿ ಕೂತು, ಆಮೇಲೆ ನೆನಪಿನಿಂದ ವರದಿ ಬರೆದು ನೋಡಿ. ಎಷ್ಟು ಕಡಿಮೆ ನೆನಪಿರುತ್ತೆ ಅಂತ ಆಶ್ಚರ್ಯವಾಗುತ್ತದೆ.

ಹೆಜ್ಜೆ 4: ಕೋಡಿಂಗ್ ರೌಂಡ್‌ನ 45 ನಿಮಿಷ

ಒಂದು ಸುಲಭದ ಪ್ರಶ್ನೆ ತೆಗೆದುಕೊಳ್ಳೋಣ. ಒಂದು ಪಟ್ಟಿಯಲ್ಲಿ ಒಂದಿಷ್ಟು ಸಂಖ್ಯೆಗಳಿವೆ. ಯಾವ ಎರಡನ್ನು ಕೂಡಿದರೆ ಕೊಟ್ಟಿರುವ ಮೊತ್ತ ಬರುತ್ತೆ ಅಂತ ಹುಡುಕಬೇಕು.

ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟಬೇಡಿ. ಕೇಳಿ: ಪಟ್ಟಿ ಕ್ರಮವಾಗಿ ಜೋಡಿಸಿದೆಯಾ? ಒಂದೇ ಸಂಖ್ಯೆ ಎರಡು ಸಲ ಬರಬಹುದಾ? ಸೊನ್ನೆಗಿಂತ ಕಡಿಮೆಯವು ಇರಬಹುದಾ? ಜೋಡಿ ಸಿಗದಿದ್ದರೆ ಏನು ಹಿಂತಿರುಗಿಸಲಿ? ಪಟ್ಟಿ ಎಷ್ಟು ದೊಡ್ಡದು? ಪ್ರಶ್ನೆಯನ್ನು ಬೇಕಂತಲೇ ಅರೆಬರೆ ಕೊಟ್ಟಿರುತ್ತಾರೆ. ನೀವು ಕೇಳ್ತೀರಾ, ಊಹಿಸಿಕೊಂಡು ಹೊರಡ್ತೀರಾ ಅಂತ ನೋಡುವುದೂ ಪರೀಕ್ಷೆಯ ಭಾಗ.

ಆಮೇಲೆ ಒರಟು ಉತ್ತರ ಹೇಳಿ. ‘ಪ್ರತಿ ಜೋಡಿಯನ್ನೂ ಕೂಡಿ ನೋಡಬಹುದು. 10,000 ಸಂಖ್ಯೆ ಇದ್ದರೆ ಸುಮಾರು 5 ಕೋಟಿ ಜೋಡಿ ಆಗುತ್ತೆ, ನಿಧಾನ.’ ಇದನ್ನು ಹೇಳೋಕೆ ನಾಚಿಕೆ ಬೇಡ. ಇದು ಹೇಳಿದ ಮೇಲೆ ನಿಮ್ಮ ಕೈಯಲ್ಲಿ ಒಂದು ಉತ್ತರವಂತೂ ಇದೆ, ಉಳಿದದ್ದೆಲ್ಲ ಸುಧಾರಣೆ. ‘ಪಟ್ಟಿಯಲ್ಲಿ ಒಂದೇ ಸಲ ನಡೆಯುತ್ತಾ, ಕಂಡ ಸಂಖ್ಯೆಗಳನ್ನು ಹ್ಯಾಶ್ ಮ್ಯಾಪ್‌ನಲ್ಲಿ (ಬೇಕಾದ್ದನ್ನು ಥಟ್ಟನೆ ಹುಡುಕಿ ಕೊಡುವ ಕೋಷ್ಟಕ) ಇಟ್ಟುಕೊಂಡು, ಮೊತ್ತ ಆಗಲು ಬೇಕಾದ ಇನ್ನೊಂದು ಸಂಖ್ಯೆ ಅದರಲ್ಲಿ ಇದೆಯಾ ಅಂತ ನೋಡಿದರೆ 10,000 ಹೆಜ್ಜೆಯಲ್ಲಿ ಮುಗಿಯುತ್ತೆ. ಆದರೆ ಮೆಮೊರಿ ಜಾಸ್ತಿ ಬೇಕು. ಇದನ್ನೇ ಬರೆಯಲಾ?’ ಈ ಕೊನೆಯ ಪ್ರಶ್ನೆ ಮರೆಯಬೇಡಿ. ಎದುರಿನವರು ಹೂಂ ಅಂದ ಮೇಲೆ ಬರೆಯಿರಿ. ದಾರಿ ತಪ್ಪಿದ್ದರೆ ಅವರು ಅಲ್ಲೇ ಒಂದು ಸುಳಿವು ಕೊಡುತ್ತಾರೆ. ಸುಳಿವು ಕೊಟ್ಟಾಗ ವಾದ ಮಾಡದೆ ಒಂದು ಕ್ಷಣ ನಿಂತು ಯೋಚಿಸಿ. ನಾನು ವರದಿಗಳಲ್ಲಿ ಅತಿ ಹೆಚ್ಚು ಸಲ ಬರೆದಿರುವ ದೂರು ಅಂದರೆ ‘ಸುಳಿವು ಕಿವಿಗೆ ಹಾಕಿಕೊಳ್ಳಲಿಲ್ಲ’.

ಬರೆದು ಮುಗಿಸಿ ‘ಆಯ್ತು’ ಅನ್ನಬೇಡಿ. ಕೊನೆಯ ಏಳೆಂಟು ನಿಮಿಷ ಪರೀಕ್ಷೆಗೆ ಉಳಿಸಿ. ಒಂದು ಸಣ್ಣ ಪಟ್ಟಿ ತೆಗೆದುಕೊಂಡು ಸಾಲು ಸಾಲಾಗಿ ಕೈಯಲ್ಲೇ ಓಡಿಸಿ. ಖಾಲಿ ಪಟ್ಟಿ, ಒಂದೇ ಸಂಖ್ಯೆ ಇರುವ ಪಟ್ಟಿ, ತೀರಾ ದೊಡ್ಡ ಸಂಖ್ಯೆ, ಇವನ್ನು ನೀವಾಗಿಯೇ ಪ್ರಸ್ತಾಪಿಸಿ. ಇದು ಸುಮ್ನೆ ಶಾಸ್ತ್ರಕ್ಕೆ ಹೇಳ್ತಿರೋದಲ್ಲ. ಜಾವಾ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಕೋಡಿನಲ್ಲಿ ಸುಮಾರು ಒಂಬತ್ತು ವರ್ಷ ಒಂದು ದೋಷ ಅಡಗಿ ಕೂತಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದರ ಬಗ್ಗೆ ಬರೆದರು. ಮಧ್ಯದ ಜಾಗ ಕಂಡುಹಿಡಿಯಲು ಎರಡೂ ತುದಿಯನ್ನು ಕೂಡಿ ಎರಡರಿಂದ ಭಾಗಿಸುತ್ತೇವೆ ಅಲ್ವಾ? ಪಟ್ಟಿ ಬಹಳ ದೊಡ್ಡದಾದರೆ ಆ ಮೊತ್ತ 214 ಕೋಟಿ ದಾಟುತ್ತದೆ. 32 ಬಿಟ್‌ನ ಸಂಖ್ಯೆಯಲ್ಲಿ ಅದು ಹಿಡಿಸದೆ ಸೊನ್ನೆಯ ಕೆಳಗೆ ಹೋಗಿಬಿಡುತ್ತದೆ. ಅಂಥವರ ಕೋಡಿಗೇ ಹೀಗಾದರೆ ನಮ್ಮದು ಯಾವ ಲೆಕ್ಕ.

ಈ ಪದ್ಧತಿ ನ್ಯಾಯವೇ ಅಂತ ಕೇಳಿದರೆ, ಪೂರ್ತಿ ಅಲ್ಲ. ಮ್ಯಾಕ್ ಕಂಪ್ಯೂಟರಿಗೆ ತಂತ್ರಾಂಶ ಹಾಕಿಕೊಳ್ಳಲು ಬಳಸುವ ಹೋಮ್‌ಬ್ರೂ ಬರೆದ ಮ್ಯಾಕ್ಸ್ ಹೋವೆಲ್ ಅವರನ್ನು ಗೂಗಲ್ ತೆಗೆದುಕೊಳ್ಳಲಿಲ್ಲ. ತಮ್ಮ ತಂತ್ರಾಂಶವನ್ನು ಅಲ್ಲಿನ ಎಂಜಿನಿಯರ್‌ಗಳೇ ಬಳಸುತ್ತಾರೆ, ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀ ತಿರುಗಿಸೋಕೆ ಬರಲಿಲ್ಲ ಅಂತ ತಮ್ಮನ್ನು ಬಿಟ್ಟರು ಅಂತ ಅವರು 2015ರಲ್ಲಿ ಟ್ವೀಟ್ ಮಾಡಿದ್ದು ದೊಡ್ಡ ಚರ್ಚೆಯಾಯಿತು. ಕೆಟ್ಟವರನ್ನು ತೆಗೆದುಕೊಳ್ಳುವುದಕ್ಕಿಂತ ಒಳ್ಳೆಯವರನ್ನು ಕಳೆದುಕೊಳ್ಳುವುದೇ ಮೇಲು ಅನ್ನುವುದು ಈ ಕಂಪನಿಗಳ ಲೆಕ್ಕಾಚಾರ. ಒಮ್ಮೆ ಬೇಡ ಅನ್ನಿಸಿಕೊಂಡರೆ ನಿಮ್ಮ ಯೋಗ್ಯತೆಯ ಬಗ್ಗೆ ಜಾಸ್ತಿ ಅರ್ಥ ಹುಡುಕಬೇಡಿ.

ಹೆಜ್ಜೆ 5: ಸಿಸ್ಟಮ್ ಡಿಸೈನ್

ಇಲ್ಲಿ ಸರಿ ಉತ್ತರ ಅಂತ ಒಂದಿಲ್ಲ. ನೀವು ಯಾವುದನ್ನು ಆರಿಸಿದಿರಿ, ಅದಕ್ಕೆ ಏನು ಬಿಟ್ಟುಕೊಟ್ಟಿರಿ ಅನ್ನೋದನ್ನು ಕೇಳಿಸಿಕೊಳ್ಳೋಕೆ ಅವರು ಕೂತಿರುತ್ತಾರೆ. ಉದ್ದನೆಯ ಲಿಂಕನ್ನು ಚಿಕ್ಕದು ಮಾಡುವ ಸೇವೆಯನ್ನೇ ನೋಡಿ. ಹಳೆಯ ಪ್ರಶ್ನೆ, ಆದರೆ ಅದರೊಳಗೆ ಎಷ್ಟೊಂದಿದೆ.

ಮೊದಲು ಅಳತೆ. ದಿನಕ್ಕೆ 1 ಕೋಟಿ ಹೊಸ ಲಿಂಕ್, ಒಂದೊಂದನ್ನೂ ಸರಾಸರಿ ನೂರು ಸಲ ಜನ ಒತ್ತುತ್ತಾರೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 86,400 ಸೆಕೆಂಡ್. ಅದನ್ನು 1 ಲಕ್ಷ ಅಂತ ಹಿಡಿದರೆ ಬಾಯಿಲೆಕ್ಕ ಸುಲಭ. ಸೆಕೆಂಡಿಗೆ ನೂರು ಬರಹ, ಹತ್ತು ಸಾವಿರ ಓದು. ಅಂದರೆ ಓದುವ ಕಡೆಯೇ ಭಾರ. ಪದೇ ಪದೇ ಕೇಳುವ ಲಿಂಕುಗಳನ್ನು ಕ್ಯಾಶ್‌ನಲ್ಲಿ, ಅಂದರೆ ಬೇಗ ಕೈಗೆ ಸಿಗುವ ಮೆಮೊರಿಯಲ್ಲಿ, ಇಡಬೇಕು ಅನ್ನೋದು ಇಲ್ಲೇ ಗೊತ್ತಾಯಿತು. ಒಂದು ಲಿಂಕಿಗೆ 500 ಬೈಟ್ ಅಂದರೆ ದಿನಕ್ಕೆ 5 ಜಿಬಿ, ಐದು ವರ್ಷಕ್ಕೆ ಸುಮಾರು 9 ಟಿಬಿ. ಹೆದರುವಂಥದ್ದೇನಲ್ಲ.

ಚಿಕ್ಕ ಲಿಂಕಿಗೆ ಎಷ್ಟು ಅಕ್ಷರ ಬೇಕು? ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರ, ಅಂಕಿ ಎಲ್ಲ ಸೇರಿ 62. ಆರು ಅಕ್ಷರ ಇಟ್ಟರೆ ಸುಮಾರು 5,680 ಕೋಟಿ ಲಿಂಕ್ ಸಾಧ್ಯ. ಐದು ವರ್ಷಕ್ಕೆ ನಮಗೆ ಬೇಕಾಗಿರುವುದು 1,825 ಕೋಟಿ. ಸಾಕಲ್ಲ ಅಂತ ಹೆಚ್ಚಿನವರು ಇಲ್ಲಿ ನಿಲ್ಲಿಸುತ್ತಾರೆ. ಒಂದು ಹೆಜ್ಜೆ ಮುಂದೆ ಹೋಗಿ. ಐದನೇ ವರ್ಷದ ಕೊನೆಗೆ ಮೂರರಲ್ಲಿ ಒಂದು ಜಾಗ ತುಂಬಿರುತ್ತದೆ. ಕಣ್ಣುಮುಚ್ಚಿ ಆರು ಅಕ್ಷರ ಆರಿಸಿದರೆ ಮೂರರಲ್ಲಿ ಒಂದು ಸಲ ಆಗಲೇ ಬಳಸಿದ್ದೇ ಸಿಗುತ್ತದೆ! ಏಳು ಅಕ್ಷರ ಮಾಡಿದರೆ 3.5 ಲಕ್ಷ ಕೋಟಿ ಜಾಗ, ಆಗ ಡಿಕ್ಕಿ ಇನ್ನೂರರಲ್ಲಿ ಒಂದು ಸಲ. ಇಲ್ಲವೇ ಒಂದು ಎಣಿಕೆ ಯಂತ್ರ ಇಟ್ಟು ಕ್ರಮವಾಗಿ ಕೊಡುತ್ತಾ ಹೋಗಬಹುದು, ಆದರೆ ಆಗ ಮುಂದಿನ ಲಿಂಕ್ ಯಾವುದು ಅಂತ ಯಾರು ಬೇಕಾದರೂ ಊಹಿಸಬಹುದು. ಇಷ್ಟು ಮಾತಾಡಿದರೆ ವರದಿ ಬರೆಯುವವರಿಗೆ ಹಬ್ಬ.

ಇನ್ನೊಂದು ಚಿಕ್ಕ ವಿಷಯ. ಬ್ರೌಸರ್‌ಗೆ ‘ಈ ವಿಳಾಸ ಕಾಯಂ ಬದಲಾಗಿದೆ’ ಅನ್ನುವ 301 ಉತ್ತರ ಕೊಟ್ಟರೆ ಅದು ನೆನಪಿಟ್ಟುಕೊಂಡು ಮುಂದಿನ ಸಲ ನಮ್ಮ ಬಳಿ ಬರದೇ ಹೋಗಬಹುದು. ಭಾರ ಕಡಿಮೆ, ಆದರೆ ಎಷ್ಟು ಜನ ಒತ್ತಿದರು ಅನ್ನುವ ಲೆಕ್ಕ ತಪ್ಪುತ್ತದೆ. 302 ಕೊಟ್ಟರೆ ಇದು ತಿರುಗುಮುರುಗು. ಯಾವುದು ಬೇಕು ಅಂತ ಎದುರಿನವರನ್ನೇ ಕೇಳಿ.

ಹೆಜ್ಜೆ 6: ನಿಮ್ಮ ಕಥೆಗಳು

ಎಂಜಿನಿಯರ್‌ಗಳು ತೀರಾ ಅಸಡ್ಡೆ ಮಾಡುವ ರೌಂಡ್ ಇದು. ‘ಮ್ಯಾನೇಜರ್ ಜೊತೆ ಭಿನ್ನಾಭಿಪ್ರಾಯ ಬಂದ ಸಂದರ್ಭ ಹೇಳಿ’ ಅಂದಾಗ ಆ ಕ್ಷಣಕ್ಕೆ ಏನೂ ನೆನಪಾಗುವುದಿಲ್ಲ. ಮೊದಲೇ ಆರೇಳು ನಿಜವಾದ ಘಟನೆಗಳನ್ನು ಬರೆದಿಟ್ಟುಕೊಳ್ಳಿ: ಒಂದು ಸೋಲು, ಒಂದು ಜಗಳ, ಗಡುವು ತಪ್ಪಿದ್ದು, ಯಾರೂ ಹೇಳದೆ ನೀವಾಗಿ ಮಾಡಿದ್ದು, ಅರೆಬರೆ ಮಾಹಿತಿಯಲ್ಲಿ ತೀರ್ಮಾನ ತೆಗೆದುಕೊಂಡದ್ದು. ಸ್ಟಾರ್ ಅನ್ನುವ ಕ್ರಮ ಎಲ್ಲರೂ ಹೇಳುತ್ತಾರೆ. ಸಂದರ್ಭ, ಹೊಣೆ, ನೀವು ಮಾಡಿದ್ದು, ಫಲ. ಸಂದರ್ಭಕ್ಕೆ ಅರ್ಧ ನಿಮಿಷ ಸಾಕು, ಮಾಡಿದ್ದಕ್ಕೆ ಎರಡು ನಿಮಿಷ ಕೊಡಿ.

ನಮಗೆ ‘ನಾನು’ ಅನ್ನೋಕೆ ಸಂಕೋಚ. ‘ನಾವು ಮಾಡಿದೆವು, ನಾವು ಬದಲಾಯಿಸಿದೆವು’ ಅಂತಲೇ ಹೇಳುತ್ತೇವೆ. ವಿನಯ ಒಳ್ಳೆಯದೇ, ಆದರೆ ವರದಿಯಲ್ಲಿ ‘ಇವರ ಪಾಲು ಎಷ್ಟು ಅಂತ ತಿಳಿಯಲಿಲ್ಲ’ ಅಂತ ಬರುತ್ತದೆ. ಟೀಮಿನ ಕೆಲಸಕ್ಕೆ ‘ನಾವು’, ನಿಮ್ಮ ಕೆಲಸಕ್ಕೆ ‘ನಾನು’. ಸೋಲಿನ ಕಥೆ ಕೇಳಿದಾಗ ‘ನಾನು ತುಂಬಾ ಅಚ್ಚುಕಟ್ಟು, ಅದೇ ನನ್ನ ದೋಷ’ ಅನ್ನಬೇಡಿ. ಕೇಳಿ ಕೇಳಿ ಸಾಕಾಗಿದೆ.

ಅಮೆಜಾನ್‌ಗೆ ಹೋಗುವವರು ಅಲ್ಲಿನ 16 ‘ಲೀಡರ್‌ಶಿಪ್ ಪ್ರಿನ್ಸಿಪಲ್’ (ಕಂಪನಿ ತನ್ನವರಿಂದ ಬಯಸುವ ನಡವಳಿಕೆಯ ಸೂತ್ರಗಳು) ಓದಿ ಹೋಗಲೇಬೇಕು. 2021ರವರೆಗೆ 14 ಇದ್ದವು, ಹಾಗಾಗಿ ಹಳೆಯ ಪಟ್ಟಿ ನಂಬಬೇಡಿ. ಪ್ರಶ್ನೆಗಳು ನೇರವಾಗಿ ಅವುಗಳಿಂದಲೇ ಬರುತ್ತವೆ.

ಕೊನೆಗೆ ‘ನಿಮಗೇನಾದರೂ ಕೇಳೋದಿದೆಯಾ’ ಅನ್ನುತ್ತಾರೆ. ‘ನಿಮ್ಮ ಟೀಮಿನಲ್ಲಿ ಕಳೆದ ಸಲ ಸರ್ವಿಸ್ ಬಿದ್ದಾಗ ಏನಾಯಿತು’ ಅಂತ ಕೇಳಿ ನೋಡಿ. ಟೀಮ್ ಹೇಗಿದೆ ಅನ್ನೋದು ಆ ಉತ್ತರದಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 7: ಫಲಿತಾಂಶ

ಆಗದಿದ್ದರೆ, ಮತ್ತೆ ಯಾವಾಗ ಪ್ರಯತ್ನಿಸಬಹುದು ಅಂತ ರಿಕ್ರೂಟರ್‌ನ ಕೇಳಿ. ಎರಡನೇ ಮೂರನೇ ಸಲಕ್ಕೆ ಸೇರಿದವರು ಒಳಗೆ ಬೇಕಾದಷ್ಟು ಜನ ಇದ್ದಾರೆ.

ಕೆಲಸ ಸಿಕ್ಕರೆ, ಅಲ್ಲೇ ಹೂಂ ಅನ್ನಬೇಡಿ. ಆಫರನ್ನು ಬರವಣಿಗೆಯಲ್ಲಿ ಕೇಳಿ. ಸಂಬಳ, ಬೋನಸ್, ಷೇರು ಮೂರನ್ನೂ ಬೇರೆ ಬೇರೆ ನೋಡಿ. ಷೇರುಗಳು ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತವೆ. ಕಂತು ಎಲ್ಲ ಕಡೆ ಸಮ ಇರುವುದಿಲ್ಲ. ಅಮೆಜಾನ್‌ನಲ್ಲಿ ಬಹಳ ಕಾಲ ಇದ್ದ ಕ್ರಮ 5, 15, 40, 40 ಶೇಕಡಾ. ಅಂದರೆ ಮೊದಲ ಎರಡು ವರ್ಷದಲ್ಲಿ ಬರುವುದು ಐದರಲ್ಲೊಂದು ಪಾಲು ಮಾತ್ರ. ಇನ್ನೊಂದು ಕಂಪನಿಯ ಆಫರ್ ಕೈಯಲ್ಲಿದ್ದರೆ ಮರ್ಯಾದೆಯಿಂದ ಹೇಳಿ ಚೌಕಾಸಿ ಮಾಡಿ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲದ ಆಫರನ್ನು ಮಾತ್ರ ಹುಟ್ಟಿಸಬೇಡಿ.

ಹೆಜ್ಜೆ 8: ಸೇರಿದ ಮೇಲೆ

ಮೊದಲ ತಿಂಗಳು ‘ನನ್ನನ್ನು ತಪ್ಪಿ ತೆಗೆದುಕೊಂಡಿದ್ದಾರೆ’ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುತ್ತದೆ. 2015ರ ಹೊತ್ತಿಗೇ ಗೂಗಲ್‌ನ ಒಂದೇ ರೆಪೊಸಿಟರಿಯಲ್ಲಿ (ಕೋಡ್ ಇಡುವ ಉಗ್ರಾಣ) ಸುಮಾರು 200 ಕೋಟಿ ಸಾಲು ಕೋಡ್ ಇತ್ತು. ಅದನ್ನೆಲ್ಲ ತಿಳಿದವರು ಯಾರೂ ಇಲ್ಲ. ಹಾಗಾಗಿ ಎಲ್ಲ ಅರ್ಥವಾಗಲಿ ಅಂತ ಕಾಯಬೇಡಿ. ಮೊದಲ ವಾರದಲ್ಲೇ ಒಂದು ಸಣ್ಣ ಬದಲಾವಣೆ, ಒಂದು ಸಾಲಿನದ್ದಾದರೂ ಸರಿ, ಪೂರ್ತಿ ದಾರಿ ದಾಟಿಸಿ ಬಳಕೆದಾರರವರೆಗೆ ಮುಟ್ಟಿಸಿ. ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವುದು), ಪರೀಕ್ಷೆ, ಕೋಡ್ ರಿವ್ಯೂ (ಇನ್ನೊಬ್ಬರು ಓದಿ ಒಪ್ಪುವುದು) ಎಲ್ಲದರ ಪರಿಚಯ ಒಟ್ಟಿಗೇ ಆಗುತ್ತದೆ.

ಅರ್ಧ ಗಂಟೆ ಸಿಕ್ಕಿಬಿದ್ದರೆ ಕೇಳಿ. ಆದರೆ ‘ಓಡ್ತಿಲ್ಲ’ ಅಂತ ಕೇಳಬೇಡಿ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಏನೇನು ನೋಡಿದೆ ಅಂತ ನಾಲ್ಕು ಸಾಲು ಬರೆಯಿರಿ. ಬರೆಯುವಾಗಲೇ ಅರ್ಧ ಸಲ ಉತ್ತರ ಹೊಳೆಯುತ್ತದೆ.

ಬರವಣಿಗೆ ಅಂದೆ. ಈ ಕಂಪನಿಗಳಲ್ಲಿ ಕೋಡಿನಷ್ಟೇ ಬರಹವೂ ನಡೆಯುತ್ತದೆ. ಅಮೆಜಾನ್‌ನ ಹಿರಿಯರ ಮೀಟಿಂಗ್‌ಗಳಿಂದ 2004ರಲ್ಲಿ ಪವರ್‌ಪಾಯಿಂಟನ್ನು ಹೊರಹಾಕಿದರು. ಆರು ಪುಟದ ಬರಹ ತರಬೇಕು, ಮೀಟಿಂಗಿನ ಮೊದಲಿಗೆ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ. ಬೇರೆ ಕಡೆ ಇದೇ ಕೆಲಸವನ್ನು ಡಿಸೈನ್ ಡಾಕ್, ಅಂದರೆ ಏನನ್ನು ಹೇಗೆ ಕಟ್ಟುತ್ತೇವೆ ಅಂತ ಮೊದಲೇ ಬರೆಯುವ ಬರಹ, ಮಾಡುತ್ತದೆ. ಒಳ್ಳೆಯ ಡಿಸೈನ್ ಡಾಕ್‌ನಲ್ಲಿ ‘ಬೇಡ ಅಂತ ಬಿಟ್ಟ ದಾರಿಗಳು’ ಅನ್ನುವ ಭಾಗ ಇರಲೇಬೇಕು. ಮೂರು ವರ್ಷ ಬಿಟ್ಟು ಬಂದವರು ಮೊದಲು ಹುಡುಕುವುದು ಅದನ್ನೇ.

ಒಂದು ದಿನ ನಿಮ್ಮ ಕೋಡ್ ಸರ್ವಿಸನ್ನು ಬೀಳಿಸುತ್ತದೆ. ಬಹುಶಃ ನೀವು ಆನ್‌ಕಾಲ್ ಇರುವ, ಅಂದರೆ ತೊಂದರೆಯಾದರೆ ನಿಮ್ಮನ್ನೇ ಎಬ್ಬಿಸುವ ರಾತ್ರಿ. ಮೊದಲು ಹಳೆಯ ಆವೃತ್ತಿಗೆ ಮರಳಿ, ಕಾರಣ ಬೆಳಿಗ್ಗೆ ಹುಡುಕಿ. ಆಮೇಲೆ ಪೋಸ್ಟ್‌ಮಾರ್ಟಮ್ (ಏನಾಯಿತು, ಯಾಕಾಯಿತು ಅನ್ನುವ ವರದಿ) ಬರೆಯುವಾಗ ಯಾರು ತಪ್ಪು ಮಾಡಿದರು ಅನ್ನುವುದರ ಬದಲು, ಆ ತಪ್ಪು ದಾಟಿಹೋಗಲು ಯಾವ ಬಾಗಿಲು ತೆರೆದಿತ್ತು ಅಂತ ಬರೆಯಿರಿ.

ಈಗ ಮತ್ತೆ ಆ ಕೋಣೆಗೆ ಬರೋಣ. ಬಡ್ತಿ, ಬೋನಸ್ ತೀರ್ಮಾನ ಆಗುವುದೂ ನೀವಿಲ್ಲದ ಕೋಣೆಯಲ್ಲೇ. ಹಲವು ಮ್ಯಾನೇಜರ್‌ಗಳು ಕೂತು ತಮ್ಮ ತಮ್ಮ ಜನರನ್ನು ಹೋಲಿಸಿ ನೋಡುವ ಮೀಟಿಂಗಿಗೆ ‘ಕ್ಯಾಲಿಬ್ರೇಷನ್’ ಅನ್ನುತ್ತಾರೆ. ಅಲ್ಲಿ ನಿಮ್ಮ ಮ್ಯಾನೇಜರ್‌ಗೆ ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ಮಾರ್ಚ್‌ನಲ್ಲಿ ನೀವು ರಾತ್ರಿಯಿಡೀ ಕೂತು ಮಾಡಿದ್ದು ಡಿಸೆಂಬರ್‌ನಲ್ಲಿ ಅವರಿಗೆ ನೆನಪಿರುವುದಿಲ್ಲ. ನಿಮಗೂ ಇರುವುದಿಲ್ಲ. ಪ್ರತಿ ಶುಕ್ರವಾರ ಹತ್ತು ನಿಮಿಷ ತೆಗೆದು ಏನು ಮಾಡಿದೆ, ಅದರಿಂದ ಯಾರಿಗೆ ಏನಾಯಿತು, ಲಿಂಕ್ ಎಲ್ಲಿದೆ ಅಂತ ಬರೆದಿಡಿ. ತಿಂಗಳಿಗೊಮ್ಮೆ ಮ್ಯಾನೇಜರ್ ಜೊತೆ ಕೂತಾಗ ‘ಮುಂದಿನ ಲೆವೆಲ್‌ಗೆ ನನ್ನಲ್ಲಿ ಏನು ಕಡಿಮೆ ಇದೆ’ ಅಂತ ನೇರವಾಗಿ ಕೇಳಿ, ಉತ್ತರವನ್ನೂ ಬರೆದಿಡಿ.

ಅದೇ ಪಟ್ಟಿ ಇನ್ನೊಂದು ಕಡೆಯೂ ಉಪಯೋಗಕ್ಕೆ ಬರುತ್ತದೆ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000, ಮೈಕ್ರೋಸಾಫ್ಟ್ 10,000 ಅಂತ ಘೋಷಿಸಿದವು. ಒಳ್ಳೆಯ ಕೆಲಸಗಾರರೂ ಅದರಲ್ಲಿದ್ದರು. ಲ್ಯಾಪ್‌ಟಾಪ್ ಲಾಕ್ ಆದ ಮೇಲೆ ಏನು ಮಾಡಿದ್ದೆ ಅಂತ ನೆನಪಿಸಿಕೊಳ್ಳೋದು ಕಷ್ಟ. ಕಂಪನಿಯ ಗುಟ್ಟುಗಳನ್ನು ಬಿಟ್ಟು, ನಿಮ್ಮ ಪಾಲಿನ ಕೆಲಸದ ಸಾರಾಂಶವನ್ನು ಆಗಾಗ ನಿಮ್ಮ ರೆಸ್ಯೂಮೆಗೆ ಸೇರಿಸುತ್ತಿರಿ.

ವರ್ಷವೋ ಎರಡು ವರ್ಷವೋ ಕಳೆದ ಮೇಲೆ, ಇಂಟರ್‌ವ್ಯೂ ಮಾಡೋಕೆ ಬರ್ತೀರಾ ಅಂತ ನಿಮ್ಮನ್ನೇ ಕೇಳುತ್ತಾರೆ. ಒಪ್ಪಿಕೊಳ್ಳಿ. ಮೊದಲು ಅನುಭವ ಇರುವವರ ಪಕ್ಕ ಕೂತು ನೋಡಿ. ಬಂದವರು ಆಡಿದ ಮಾತನ್ನು ಆದಷ್ಟು ಹಾಗೆಯೇ ಬರೆದುಕೊಳ್ಳಿ, ನಿಮ್ಮ ಅಭಿಪ್ರಾಯ ಆಮೇಲೆ. ವರದಿಯನ್ನು ಅದೇ ದಿನ ಮುಗಿಸಿ. ಮತ್ತೆ, ಎದುರಿಗೆ ಕೂತವರು ತಲೆ ಬಗ್ಗಿಸಿ ಮಾತಿಲ್ಲದೆ ಬರೆಯುತ್ತಲೇ ಇದ್ದರೆ, ‘ಈಗ ಏನು ಯೋಚನೆ ಮಾಡ್ತಾ ಇದ್ದೀರಿ?’ ಅಂತ ಒಂದು ಸಲ ಕೇಳಿ. ನನ್ನನ್ನು ಅವತ್ತು ಯಾರೂ ಕೇಳಿರಲಿಲ್ಲ.